ಪೊರ್ಬುಗಳು ಮತ್ತು ಅವಸರದ ಸ್ವರ

ನಮ್ಮ ಕಡೆ ಕ್ರಿಶ್ಚಿಯನ್ ಮನೆಯ ಗಂಡಸರನ್ನು ಹೆಸರು ಹಿಡಿದು ಕರೆಯುವ ರೂಢಿ ಹಿಂದೆ ಇರಲಿಲ್ಲ. ಪೊರ್ಬುಗಳು ಎಂದರೆ ಮುಗಿಯಿತು. ಶಂಕರಪುರದಲ್ಲಿ ನಮ್ಮ ಬೇಲಿಯಾಚೆ ಇದ್ದವರನ್ನೂ ನಾನು ಹಾಗೆಯೇ ಕರೆಯುತ್ತಾ ಬಂದೆ. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡಾಗ ಇಗರ್ಜಿಯ, ಅಂದರೆ ಅವರ ಚರ್ಚಿನ, ಫಲಕದಲ್ಲಿ ಅವರ ಪೂರ್ತಿ ಹೆಸರು ಓದಿ, ಇದು ಯಾರೋ ಬೇರೆಯವರು ಅನ್ನಿಸಿ ಒಂದು ಕ್ಷಣ ನಿಂತುಬಿಟ್ಟೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸ್ವಂತ ಹೆಸರು ಹೇಳುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಅವರಿಗೆ ಉಗ್ಗು ಇತ್ತು. ಅಲ್ಲೊಂದು ಇಲ್ಲೊಂದು ಅಕ್ಷರ ತಡೆಯುವ ಉಗ್ಗಲ್ಲ. ಮಾತು ಗಂಟಲಿನವರೆಗೆ ಬಂದು ಬಾಗಿಲು ಹಾಕಿಕೊಳ್ಳುವಂಥದು. ಅದರಲ್ಲೂ ‘ಕ’ ಅಕ್ಷರ ಅವರ ಪರಮ ವೈರಿ. ಅದು ಹತ್ತಿರ ಬಂದಾಗ ಬಲಗೈಯ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದರು, ಮಲ್ಲಿಗೆ ಕಟ್ಟುವವರು ಬಾಳೆನಾರನ್ನು ಹದ ಮಾಡಿಕೊಳ್ಳುವ ಹಾಗೆ. ಕಣ್ಣು ನೆಲದ ಮೇಲೆ. ಎದುರಿಗೆ ನಿಂತವರಿಗೆ ಆ ಹೊತ್ತು ತಡೆದುಕೊಳ್ಳಲಾಗುತ್ತಿರಲಿಲ್ಲ. ಏನಾದರೊಂದು ಶಬ್ದವನ್ನು ತಾವೇ ಎತ್ತಿ ಕೊಟ್ಟುಬಿಡುತ್ತಿದ್ದರು. ಪೊರ್ಬುಗಳು ತಲೆಯಾಡಿಸಿ ಅದನ್ನೇ ತೆಗೆದುಕೊಳ್ಳುತ್ತಿದ್ದರು. ಕೊತ್ತಂಬರಿಗೆ ಹೋದವರು ಕೊಬ್ಬರಿ ತರುತ್ತಿದ್ದರು. “ಇವರನ್ನು ಅಂಗಡಿಗೆ ಕಳಿಸಿದ್ರೆ ದೇವರ ಚಿತ್ತದಲ್ಲಿ ಎಂತ ಉಂಟೋ ಅದು ಬರ್ತದೆ, ಟೀಚರೇ” ಎಂದು ಅವರ ಹೆಂಡತಿ ಬಾಯಮ್ಮ ನಗುತ್ತಿದ್ದರು.

ಅವರ ಹರೆಯದ ಒಂದು ಕತೆಯನ್ನು ಬಹಳ ಆಮೇಲೆ ಅವರೇ ನನಗೆ ಹೇಳಿದ್ದು. ಉಡುಪಿಯಿಂದ ಬಸ್ಸು ಹತ್ತಿ “ಕ... ಕ...” ಎನ್ನುವಾಗ ಕಂಡಕ್ಟರ್ “ಕಾಪು ಅಲ್ವಾ?” ಎಂದು ಟಿಕೆಟ್ ಹರಿದು ಕೊಡುತ್ತಿದ್ದನಂತೆ. ಇಳಿಯಬೇಕಾದದ್ದು ಕಟಪಾಡಿಯಲ್ಲಿ. ಕಟಪಾಡಿ ಬಂದು ಹೋಗುವುದನ್ನು ಕಿಟಕಿಯಿಂದ ನೋಡುತ್ತಾ ಕೂತು, ಕಾಪುವಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುತ್ತಿದ್ದರಂತೆ.

“ಮೊದಲೇ ಇಳಿದುಬಿಡಬಹುದಿತ್ತಲ್ಲ?” ಎಂದೆ.

“ಇಳಿದ್ರೆ ಎಂತಕ್ಕೆ ಇಳಿದದ್ದು ಅಂತ ಅವನು ಕೇಳ್ತಾನಲ್ಲ, ಟೀಚರೇ. ಅದಕ್ಕೂ ಉತ್ತರ ಹೇಳ್ಬೇಕು.”

ಅವರ ಮಾತನ್ನು ನಾನು ಇಲ್ಲಿ ತಡೆಯಿಲ್ಲದೆ ಬರೆಯುತ್ತಿದ್ದೇನೆ. ಓದುವವರು ನಡುನಡುವೆ ನಿಲುಗಡೆ ಸೇರಿಸಿಕೊಳ್ಳಬೇಕು. ಈ ಒಂದು ವಾಕ್ಯ ಮುಗಿಯುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಚಹಾ ಆರಿತ್ತು.

ಗಲ್ಫಿನಲ್ಲಿ ಅವರು ಬಹಳ ವರ್ಷ ಕ್ರೇನ್ ನಡೆಸುತ್ತಿದ್ದರು. ಮೇಲೆ ಗಾಜಿನ ಕೋಣೆಯಲ್ಲಿ ಒಬ್ಬರೇ; ಕೆಳಗಿನವರು ಕೈಸನ್ನೆ ಮಾಡುತ್ತಾರೆ, ಬಾಯಿ ಬೇಡ. ಊರಿಗೆ ಮರಳಿ ಮಲ್ಲಿಗೆ ತೋಟ ಮಾಡಿದರು. ಅದಕ್ಕೂ ಬಾಯಿ ಬೇಡ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಬಿಡಿಸಿ ತಂದು ಜಗಲಿಯಲ್ಲಿ ಸುರಿದರೆ ಬಾಯಮ್ಮ ಕಟ್ಟುತ್ತಿದ್ದರು; ಹೂವಿನ ವ್ಯಾಪಾರದ ಕಟ್ಟೆಗೆ ಒಯ್ದು ಮಾರುವವರೂ ಅವರೇ. ಬೇಲಿಯಾಚೆಯ ಜಗಳ, ಬ್ಯಾಂಕಿನ ಕೆಲಸ, ಮಗಳ ಶಾಲೆಯ ಪಾಲಕರ ಸಭೆ, ಸಂಜೆಯ ತೇರ್ಸ್ ಎಲ್ಲದರಲ್ಲೂ ಬಾಯಮ್ಮನ ಸ್ವರವೇ. ತೇರ್ಸ್ ಎಂದರೆ ಜಪಮಾಲೆ ಹಿಡಿದು ಮನೆಮಂದಿ ಕೂಡಿ ಹೇಳುವ ಪ್ರಾರ್ಥನೆ. ಪ್ರತಿಯೊಂದು ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಬೇಕು, ಉಳಿದರ್ಧ ಉಳಿದವರು. ಪೊರ್ಬುಗಳು ಯಾವಾಗಲೂ ಉಳಿದವರ ಜೊತೆ. ಅದೂ ತುಟಿ ಮಾತ್ರ ಅಲ್ಲಾಡಿಸುವುದು.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದವಳು ಲೆನಿಟಾ, ಒಬ್ಬಳೇ ಮಗಳು. ಸಣ್ಣವಳಿರುವಾಗ ಅಮ್ಮನ ಬಾಯಿ, ಅಮ್ಮನ ವೇಗ. ನಮ್ಮ ಮನೆಗೆ ಬಂದು ಕೂತರೆ ಶಾಲೆಯಲ್ಲಿ ನಡೆದದ್ದು ನಡೆಯದ್ದು ಎಲ್ಲ ಹೇಳಿ ಮುಗಿಸಿಯೇ ಏಳುತ್ತಿದ್ದಳು. ಮಣಿಪಾಲದ ಕಡೆ ಕಾಲೇಜಿಗೆ ಸೇರಿದ ಎರಡನೆಯ ವರ್ಷ ಅದು ನಡೆಯಿತು. ತರಗತಿಯ ಎದುರು ನಿಂತು ಏನೋ ಒಂದು ವಿಷಯ ಮಂಡಿಸಬೇಕಿತ್ತು. ಅರ್ಧದಲ್ಲಿ ಒಂದು ಶಬ್ದ ಬರಲಿಲ್ಲ. ಅಷ್ಟೇ. ಆದರೆ ಅವಳು ಬಾಯಿ ತೆರೆದು ನಿಂತದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ಅದಕ್ಕೊಂದು ಸಂಗೀತ ಸೇರಿಸಿ ಎಲ್ಲರಿಗೂ ಕಳಿಸಿದರು. ಅವಳಿಗೂ ಬಂತು.

ಅಲ್ಲಿಂದ ಹುಡುಗಿ ಸಣ್ಣಗಾಗುತ್ತಾ ಹೋದಳು. ಮೈಯಲ್ಲಿ ಅಲ್ಲ. ಕುರ್ಚಿಯ ತುದಿಯಲ್ಲಿ ಕೂರುವುದು, ಬಾಗಿಲಿನ ಅಂಚಿಗೆ ಸರಿದು ನಡೆಯುವುದು, ತಲೆಯಾಡಿಸಿ ಉತ್ತರ ಕೊಡುವುದು. ಆಮೇಲೆ ಕಾಲೇಜಿಗೆ ಹೋಗುವುದನ್ನೂ ಬಿಟ್ಟಳು. ಬಾಯಮ್ಮ ಮೊದಲು ಬೈದರು, ಆಮೇಲೆ ಅತ್ತರು. ಒಂದು ದಿನ ಬೇಲಿಯ ಹತ್ತಿರ ನಿಂತು, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿ ಹೇಳಿದರು. “ನಾನು ಬಾಯಿ ಬಿಡುವ ಮೊದಲೇ ನನ್ನ ಮಾತನ್ನು ಯಾರೋ ಹೇಳಿ ಮುಗಿಸ್ತಾರೆ ಅಂತಾಳೆ, ಟೀಚರೇ. ಅವಳದ್ದೇ ಸ್ವರವಂತೆ. ಅವಳಿಗಿಂತ ಚೆಂದ ಹೇಳ್ತದಂತೆ. ಮತ್ತೆ ನಾನು ಎಂತಕ್ಕೆ ಹೇಳುವುದು, ಕೇಳುವವರಿಗೆ ಅದೇ ಸಾಕಲ್ವಾ ಅಂತಾಳೆ.”

ಮನಸ್ಸಿಗೆ ಪೆಟ್ಟು ಬಿದ್ದಿದೆ, ವೈದ್ಯರಿಗೆ ತೋರಿಸಿ ಎಂದೆ. ಹಾಗೆಂದೇ ನಾನು ನಂಬಿದ್ದೆ, ಆಟಿ ತಿಂಗಳ ಆ ಮಧ್ಯಾಹ್ನದವರೆಗೆ.

ಮಳೆ ಹೊಯ್ದು ನಿಂತಿತ್ತು. ಗಾಳಿ ಇರಲಿಲ್ಲ. ತೋಟದ ಮೇಲೆ ಮೋಡ ಇಳಿದು ಮಲ್ಲಿಗೆಯ ಗಿಡಗಳೆಲ್ಲ ಕಪ್ಪಗೆ ಕುಕ್ಕರಗಾಲಿನಲ್ಲಿ ಕೂತ ಹಾಗೆ ಕಾಣುತ್ತಿದ್ದವು. ಪತ್ರೊಡೆ ಮಾಡಿದ್ದೆ, ಬಾಯಮ್ಮನಿಗೆ ಇಷ್ಟವೆಂದು ಒಂದು ಪಾತ್ರೆಯಲ್ಲಿ ಹಾಕಿಕೊಂಡು ಅವರ ಅಂಗಳಕ್ಕೆ ಹೋದೆ. ಗಿಡಗಳ ನಡುವಿನಿಂದ ಲೆನಿಟಾಳ ಸ್ವರ ಕೇಳಿತು.

“ಟೀಚರಾಂಟಿ, ಮಮ್ಮಿ ಮನೆಯಲ್ಲಿಲ್ಲ. ಕೂತ್ಕೊಳ್ಳಿ, ಈಗ ಬರ್ತಾರೆ.”

ಎಷ್ಟು ಸ್ಪಷ್ಟ, ಎಷ್ಟು ಚೆಂದದ ಸ್ವರ! ಹುಡುಗಿ ಬಾಯಿ ಬಿಟ್ಟಳಲ್ಲ ಎಂದು ಜೀವ ಹಗುರವಾಯಿತು. “ಆಯ್ತು ಮಗಾ” ಎಂದು ಗಿಡಗಳ ಕಡೆಗೇ ಉತ್ತರ ಕೊಟ್ಟು ಜಗಲಿ ಹತ್ತಿದೆ. ಒಳಗೆ, ಹೊಸ್ತಿಲಿನಿಂದ ಕೈಯಳತೆಯಲ್ಲಿ, ಲೆನಿಟಾ ಕೂತಿದ್ದಳು. ತಲೆಗೂದಲು ಒಣಗಿತ್ತು, ಕಾಲಲ್ಲಿ ಕೆಸರಿರಲಿಲ್ಲ. ಮಡಿಲಲ್ಲಿ ಹೊಲಿಯುತ್ತಿದ್ದ ಬಟ್ಟೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಬಹಳ ದಿನ ಬಳಸದ ಬಾಗಿಲಿನ ಹಾಗೆ ಬಾಯಿ ನಿಧಾನವಾಗಿ ತೆರೆಯಿತು.

“ಟೀಚರಾಂಟಿ...” ಎಂದಳು ಬಿರುಕು ಸ್ವರದಲ್ಲಿ. “ಮಮ್ಮಿ ಮನೆಯಲ್ಲಿಲ್ಲ. ಕೂತ್ಕೊಳ್ಳಿ... ಈಗ ಬರ್ತಾರೆ.”

ನನ್ನ ಮುಖದಲ್ಲಿ ಏನು ಕಂಡಿತೋ. ಬಟ್ಟೆಯನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು.

“ನಿಮಗೂ ಕೇಳಿತಾ?”

ನಾನು ಇಲ್ಲ ಎನ್ನಬಹುದಿತ್ತು. ಹೌದು ಎಂದೆ. ಅವಳು ನನ್ನ ಭುಜಕ್ಕೆ ಹಣೆ ಒತ್ತಿ ಅತ್ತಳು. ಹೆದರಿಕೆಯ ಅಳು ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ತನ್ನನ್ನು ಒಬ್ಬರಾದರೂ ನಂಬಿದರಲ್ಲ ಎಂಬ ಅಳು ಅದು. ಪಾತ್ರೆ ಅಲ್ಲೇ ಇಟ್ಟು ಹಿಂದಿರುಗುವಾಗ ಗಿಡಗಳ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಪೊರ್ಬುಗಳೇ ಬೇಲಿಯ ಹತ್ತಿರ ಬಂದರು. ಅವರಾಗಿ ಮಾತಿಗೆ ಬಂದದ್ದು ಅದೇ ಮೊದಲು. ಮಗಳು ಹೇಳಿದ್ದಳು. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ಪೆರ್ಡೂರಿನ ಕಡೆ ಯಾರೋ ನೂಲು ಮಂತ್ರಿಸಿ ಕೊಡುತ್ತಾರೆ ಎಂದು ಬಾಯಮ್ಮನ ಕಿವಿಗೆ ಯಾರೋ ಹಾಕಿದ್ದರು. ಅದಕ್ಕೆ ಹೋಗುತ್ತೀರಾ ಎಂದೆ.

ಅವರು ಇಲ್ಲವೆಂದು ತಲೆಯಲ್ಲಾಡಿಸಿದರು.

“ದೆವ್ವ ಆದ್ರೆ ಓಡಿಸಬಹುದು, ಟೀಚರೇ. ಇದು ಅವಳದ್ದೇ ಸ್ವರ. ಅವಳ ಸ್ವರವನ್ನೇ ಓಡಿಸಿದ್ರೆ ಅವಳಿಗೆ ಎಂತ ಉಳೀತದೆ?”

ಮಣಿಪಾಲದಲ್ಲಿ ವೈದ್ಯರಿಗೆ ತೋರಿಸಿದರು. ಅವರು ಒಳ್ಳೆಯ ಮಾತಾಡಿದರು, ನಿದ್ದೆಗೆ ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಬಂದು ಮಾತಾಡಲು ಹೇಳಿದರು. ಮಾತ್ರೆಯಿಂದ ಹುಡುಗಿ ನಿದ್ದೆ ಮಾಡಿದಳು. ಆದರೆ ಮಾತಾಡುವುದಕ್ಕೆ ಬಾಯಿ ತೆರೆಯಬೇಕಲ್ಲ.

ಆ ದಿನಗಳಲ್ಲಿ ಪೊರ್ಬುಗಳು ನನ್ನ ಹತ್ತಿರ ಹೇಳಿದ ಒಂದು ವಿಷಯ ಬಾಯಮ್ಮನಿಗೂ ಗೊತ್ತಿರಲಿಲ್ಲ. ತೋಟದಲ್ಲಿ ಔಷಧಿ ಬಿಡುತ್ತಿದ್ದವರು ಬೇಲಿಗೆ ಒರಗಿ ನಿಂತು, ಬೆರಳು ಉಜ್ಜುತ್ತಾ, ತಮಗೂ ಒಬ್ಬ ಇದ್ದ ಎಂದರು. ಇವರ ಮಾತು ಗಂಟಲಲ್ಲಿ ಸಿಕ್ಕಿಕೊಂಡಾಗ ಅದೇ ಮಾತನ್ನು ಹಿಂದಿನಿಂದ ಒಬ್ಬ ಗಂಡಸು ಸಲೀಸಾಗಿ ಹೇಳುತ್ತಿದ್ದನಂತೆ. ಬೇರೆ ಯಾರಿಗೂ ಕೇಳುತ್ತಿರಲಿಲ್ಲ. ಗಲ್ಫಿಗೆ ಹೋದದ್ದೂ ಅವನಿಂದ ತಪ್ಪಿಸಿಕೊಳ್ಳಲು. ಮರಳುಗಾಡಿನ ಮೇಲೆ, ಆ ಗಾಜಿನ ಕೋಣೆಯಲ್ಲಿ ಮೊದಲ ದಿನ ಕೂತು ದೇವರ ಹೆಸರು ಹೇಳಿ ಶುರು ಮಾಡೋಣ ಎಂದರೆ, ಬೆನ್ನ ಹಿಂದೆ ಅವನೇ ಪ್ರಾರ್ಥನೆ ಹೇಳಿ ಮುಗಿಸಿದನಂತೆ.

“ಮತ್ತೆ?”

“ಮತ್ತೆ ನಾನು ಮಾತಾಡುವುದನ್ನೇ ಬಿಟ್ಟೆ. ಅವನಿಗೆ ಕೆಲಸ ಇಲ್ಲದ ಹಾಗೆ ಆಯ್ತು. ಹೋದನೋ ಕೂತನೋ ಗೊತ್ತಿಲ್ಲ.” ಮಗಳಿದ್ದ ಮನೆಯ ಕಡೆ ನೋಡಿ ಅಂದರು, “ಅವಳು ಹುಟ್ಟಿದಂದಿನಿಂದ ನೋಡಿದ್ದು ಇದನ್ನೇ ಅಲ್ವಾ? ಶಬ್ದ ಬಾರದಿದ್ರೆ ಬಾಯಿ ಮುಚ್ಚಿ ಕೂತ್ರೆ ಆಯ್ತು, ಬೇರೆಯವರು ಹೇಳ್ತಾರೆ ಅಂತ. ನಾನೇ ಕಲಿಸಿದ್ದು. ಈಗ ಹೆದರ್ಬೇಡ ಅಂತ ಯಾವ ಬಾಯಿಂದ ಹೇಳುವುದು, ಟೀಚರೇ?”

ಸಂಜೆಯ ತೇರ್ಸನ್ನು ಅವರು ವಹಿಸಿಕೊಂಡದ್ದು ಆ ವಾರದಿಂದ. ನನಗೆ ನಮ್ಮ ಅಡುಗೆಮನೆಯಿಂದ ಕೇಳುತ್ತಿತ್ತು. ಬಾಯಮ್ಮ ಹೇಳುವಾಗ ಅಕ್ಕಿ ಬೇಯುವಷ್ಟರಲ್ಲಿ ಮುಗಿಯುತ್ತಿದ್ದ ಪ್ರಾರ್ಥನೆ ಈಗ ನಾವು ಊಟ ಮಾಡಿ ಎದ್ದರೂ ನಡೆಯುತ್ತಿರುತ್ತಿತ್ತು. ಮೊದಲರ್ಧ ಅವರದು. ಒಂದೊಂದು ಶಬ್ದವೂ ಕಲ್ಲಿನ ಕೆಳಗಿನಿಂದ ಎಳೆದ ಹಾಗೆ. ಬಾಯಮ್ಮ ಶಬ್ದ ಎತ್ತಿಕೊಡಲು ಹೋದರೆ “ಬೇಡ” ಎನ್ನುತ್ತಿದ್ದರು. ಮೊದಮೊದಲು ಉಳಿದರ್ಧಕ್ಕೆ ಬಾಯಮ್ಮನೊಬ್ಬರ ಸ್ವರ. ಕೆಲವು ದಿನ ಕಳೆದ ಮೇಲೆ ಅದರ ಅಡಿಯಲ್ಲಿ ಇನ್ನೊಂದು, ಗುಸುಗುಸು. ಲೆನಿಟಾಳದ್ದು. ಅಪ್ಪ ಅಷ್ಟು ಕಷ್ಟಪಟ್ಟು ಅರ್ಧ ದಾರಿ ಬಂದು ನಿಂತಾಗ ಉಳಿದರ್ಧಕ್ಕೆ ಹೋಗದೆ ಇರುವುದು ಹೇಗೆ?

ಒಂದು ಸಂಜೆ ಉಳಿದರ್ಧಕ್ಕೆ ಮೂರು ಹೆಣ್ಣು ಸ್ವರಗಳು ಕೇಳಿದವು. ಒಲೆ ಆರಿಸಿ ಕಿಟಕಿಗೆ ಕಿವಿ ಕೊಟ್ಟೆ. ಬಾಯಮ್ಮನದ್ದು ಒಂದು. ಲೆನಿಟಾಳ ಬಿರುಕು ಸ್ವರ ಒಂದು. ಅದಕ್ಕಿಂತ ಒಂದು ಉಸಿರಿನಷ್ಟು ಮುಂದೆ, ನೀರಿನ ಹಾಗೆ ತಿಳಿಯಾದ ಮೂರನೆಯದು. ಅವರ ಮನೆಗೆ ಆ ದಿನ ಯಾರೂ ಬಂದಿರಲಿಲ್ಲ.  ಕಿಟಕಿ ಮುಚ್ಚಿ ದೇವರ ಕೋಣೆಗೆ ಹೋಗಿ ದೀಪದ ಎದುರು ಕೂತೆ.

ಬೆಳಿಗ್ಗೆ ಪೊರ್ಬುಗಳನ್ನು ಕಂಡಾಗ ಕೇಳದೆ ಇರಲಾಗಲಿಲ್ಲ.

“ಹೌದು. ನಮಗೂ ಕೇಳಿತು” ಎಂದರು. “ಬಾಯಮ್ಮ ಎದ್ದು ಓಡ್ಲಿಕ್ಕೆ ನೋಡಿದ್ದು. ನಾನೇ ಕೂರಿಸಿದೆ. ಪ್ರಾರ್ಥನೆಗೆ ಬಂದದ್ದಲ್ವಾ, ಟೀಚರೇ? ಪ್ರಾರ್ಥನೆಗೆ ಬಂದವರನ್ನು ಹೊರಗೆ ಹಾಕುವುದು ಹೇಗೆ?”

 ಹೆದರಿಕೆ ಇಲ್ಲದವರೆಂದು ಅವರನ್ನು ತಿಳಿದುಕೊಳ್ಳುವುದು ತಪ್ಪು. ಅವರಷ್ಟು ಹೆದರಿದವರನ್ನು ನಾನು ಕಂಡಿಲ್ಲ. ಹೆದರಿಕೊಂಡೇ ಮರುಸಂಜೆಯೂ ಅದೇ ಚಾಪೆಯ ಮೇಲೆ ಕೂತರು.

ಆಮೇಲೆ ಅವರ ತಲೆಗೆ ಇನ್ನೊಂದು ಬಂತು. ಅವರ ಇಗರ್ಜಿಯಲ್ಲಿ ಪೂಜೆ ಕೊಂಕಣಿಯಲ್ಲಿ. ತಿಂಗಳಿಗೊಮ್ಮೆ ಮಾತ್ರ ಕನ್ನಡದಲ್ಲಿ. ಆ ಪೂಜೆಯಲ್ಲಿ ಎದುರು ನಿಂತು ಧರ್ಮಗ್ರಂಥದ ಮೊದಲ ಪಾಠ ಓದಲು ಪಾದ್ರಿಗಳ ಒಪ್ಪಿಗೆ ಕೇಳಿ ಬಂದರು. ಎಲ್ಲ ಬಿಟ್ಟು ಕನ್ನಡ ಯಾಕೆ ಎಂದೆ. “ನೀವು ಕಲಿಸಬಹುದಲ್ವಾ” ಎಂದರು. ನಮ್ಮ ಜಗಲಿಯಲ್ಲಿ ಪಾಠ ಶುರುವಾಯಿತು. ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಓದಲು ಕಲಿಸಿದ್ದೇನೆ. ಓದಲು ಚೆನ್ನಾಗಿ ಬರುವವರಿಗೆ, ಓದಿದ್ದನ್ನು ಬಾಯಿಂದ ಹೊರಗೆ ತರಲು ಕಲಿಸಿದ್ದು ಇವರೊಬ್ಬರಿಗೇ. ಕಲಿಸಿದೆ ಎನ್ನುವುದೂ ಸರಿಯಲ್ಲ. ಎದುರು ಕೂತಿದ್ದೆ, ಶಬ್ದ ಎತ್ತಿಕೊಡದೆ ಕೂತಿದ್ದೆ. ಅದು ಎಷ್ಟು ಕಷ್ಟದ್ದೆಂದು ಆಗ ಗೊತ್ತಾಯಿತು. ಆ ಪಾಠದಲ್ಲಿ ‘ಕೃಪೆ’ ಎಂಬ ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ಬೇರೆ ಪಾಠ ಕೇಳಿ, ಪೊರ್ಬುಗಳೇ ಎಂದೆ. ತಲೆಯಲ್ಲಾಡಿಸಿದರು. ಆ ದಿನಕ್ಕೆ ಅದೇ ಪಾಠ, ಬದಲಿಸಲಿಕ್ಕೆ ಇಲ್ಲ.

ಆ ಭಾನುವಾರ ನನ್ನನ್ನೂ ಕರೆದರು. “ನೀವು ಹತ್ತಿರ ಕೂತ್ರೆ ಮಗಳು ನಡುವೆ ಎದ್ದು ಹೋಗುವುದಿಲ್ಲ.” ಹೋದೆ. ಹೆಂಗಸರ ಸಾಲಿನಲ್ಲಿ ಲೆನಿಟಾ ನನ್ನ ಎಡಕ್ಕೆ, ಬಾಯಮ್ಮ ಅವಳ ಆಚೆ. ಹೊರಗೆ ಮಂಕು ಬೆಳಕು. ಪೊರ್ಬುಗಳು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎದ್ದು ಹೋಗಿ ಓದುವ ಪೀಠದ ಹಿಂದೆ ನಿಂತಾಗ ಸಾಲುಗಳಲ್ಲಿ ಒಂದು ಅಲುಗಾಟ. ಅವರ ಉಗ್ಗು ಇಡೀ ಊರಿಗೆ ಗೊತ್ತು. ನನ್ನ ಹಿಂದೆ ಯಾರೋ “ಯಾಕಾದರೂ ಇವರನ್ನು ನಿಲ್ಲಿಸಿದರೋ” ಎಂದು ಪಿಸುಗುಟ್ಟಿದರು.

ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ತಡೆದರು, ದಾಟಿದರು. ಮೂರನೆಯದರಲ್ಲಿ ಆ ಶಬ್ದ ಬಂತು.

“ಕೃ...”

ಹೆಬ್ಬೆರಳು ಉಜ್ಜತೊಡಗಿತು. “ಕೃ... ಕೃ...” ಇಗರ್ಜಿಯಲ್ಲಿ ಫ್ಯಾನು ತಿರುಗುವ ಸದ್ದು. ಒಂದು ಮಗು ಕೆಮ್ಮಿ ನಿಲ್ಲಿಸಿತು. ಪೊರ್ಬುಗಳ ಕುತ್ತಿಗೆಯ ನರಗಳು ಎದ್ದಿದ್ದವು. ನಾನು ಲೆನಿಟಾಳ ಮುಖ ನೋಡಿದೆ.

“ಕೃಪೆ.”

ಹೆಣ್ಣು ಸ್ವರ. ಇಡೀ ಇಗರ್ಜಿಗೆ ಕೇಳಿತು. ಲೆನಿಟಾಳ ಸ್ವರವೆಂದು ಎಲ್ಲರಿಗೂ ಗೊತ್ತಾಯಿತು. ತಲೆಗಳೆಲ್ಲ ನಮ್ಮ ಸಾಲಿನತ್ತ ತಿರುಗಿದವು. ಮಗಳು ಅಪ್ಪನಿಗೆ ಹೇಳಿಕೊಟ್ಟಳಲ್ಲ ಎಂದು ಕೆಲವರು ಕರುಣೆಯಿಂದ ನಕ್ಕರು ಕೂಡ. ಅವಳ ಪಕ್ಕದಲ್ಲಿ ಇದ್ದವಳು ನಾನು. ಅವಳ ತುಟಿ ಬಿಗಿದಿತ್ತು, ಹಲ್ಲು ಕಚ್ಚಿಕೊಂಡಿದ್ದಳು. ನನ್ನ ಮಣಿಕಟ್ಟನ್ನು ಹಿಡಿದ ಅವಳ ಕೈ ಮಂಜುಗಡ್ಡೆಯಾಗಿತ್ತು. ಸ್ವರ ಬಂದದ್ದು ನಮ್ಮ ಹಿಂದಿನಿಂದ, ಬಾಗಿಲಿನ ಕಡೆಯಿಂದ. ಅಲ್ಲಿ ಯಾರೂ ಇರಲಿಲ್ಲ.

ಎತ್ತಿಕೊಟ್ಟ ಶಬ್ದವನ್ನು ತೆಗೆದುಕೊಂಡು ಮುಂದೆ ಹೋಗುವುದು ಅವರಿಗೆ ಜನ್ಮದ ಅಭ್ಯಾಸ. ಪೊರ್ಬುಗಳು ಮುಂದೆ ಹೋಗಲಿಲ್ಲ. ತಲೆಯೆತ್ತಿದರು. ಮಗಳನ್ನು ನೋಡಲಿಲ್ಲ, ನಮ್ಮೆಲ್ಲರ ತಲೆಯ ಮೇಲಿಂದ ಬಾಗಿಲನ್ನು ನೋಡಿದರು.

“ಇ... ಇರು” ಎಂದರು. “ನಾನೇ ಹೇ... ಹೇಳ್ತೇನೆ.”

ಮತ್ತೆ ಪುಸ್ತಕಕ್ಕೆ ಕಣ್ಣು ಇಳಿಸಿದರು. ಇಡೀ ಇಗರ್ಜಿ ಕಾಯಿತು. ಯಾರೂ ಕೆಮ್ಮಲಿಲ್ಲ. ಕೊನೆಗೆ ಆ ಶಬ್ದ ಹೊರಗೆ ಬಿತ್ತು, ಒಡೆದು, ಬೆವರಿನಲ್ಲಿ ನೆನೆದು, ಆದರೆ ಅವರದೇ ಬಾಯಿಂದ. ಪಾಠ ಮುಗಿಯುವವರೆಗೂ ಅದೇ ರೀತಿ. ಪ್ರತಿ ಸಲ ಅದೇ ಶಬ್ದ ಬಂದಾಗಲೂ ನಿಂತರು, ಕಾದರು, ಹೇಳಿದರು. ಹಿಂದಿನಿಂದ ಮತ್ತೆ ಸದ್ದು ಬರಲಿಲ್ಲ. ನನ್ನ ಮಣಿಕಟ್ಟಿನ ಮೇಲಿನ ಹಿಡಿತ ನಿಧಾನವಾಗಿ ಸಡಿಲಿತು. ಲೆನಿಟಾ ತಲೆಯೆತ್ತಿ ಅಪ್ಪನನ್ನು ನೋಡುತ್ತಿದ್ದಳು. ಅಷ್ಟು ಜನರ ಎದುರು ಅವಳ ತಲೆ ಮೇಲಿದ್ದುದನ್ನು ನಾನು ಕಂಡು ಎಷ್ಟೋ ತಿಂಗಳಾಗಿತ್ತು.

ಪೂಜೆ ಮುಗಿದು ಅಂಗಳದಲ್ಲಿ ನಿಂತಾಗ ಅವಳು ಅಪ್ಪನ ಅಂಗಿಯ ತೋಳು ಹಿಡಿದಳು. ಮಾತಿಗೆ ಮೊದಲು ಒಂದು ಕ್ಷಣ ನಿಂತಳು. ಆ ಕ್ಷಣದಲ್ಲಿ ನನಗೂ ಏನೋ ಕೇಳಿದ ಹಾಗಾಯಿತು, ಅಂಗಳದ ಜನರ ಗದ್ದಲವೂ ಇರಬಹುದು. ಆಮೇಲೆ ಅವಳೇ ಕೇಳಿದಳು.

“ಪಪ್ಪಾ, ನೀವು ಯಾರಿಗೆ ಇರು ಅಂದದ್ದು?”

“ಅವಸರದವಳಿಗೆ” ಎಂದರು ಪೊರ್ಬುಗಳು. ಆ ಶಬ್ದದಲ್ಲಿ ಅವರು ಎಲ್ಲೂ ತಡೆಯಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವರು ಅವಳಿಗೆ ಹೇಳಿದ್ದನ್ನು ಅವಳೇ ಆಮೇಲೆ ನನಗೆ ಹೇಳಿದಳು. ಅದು ಮೊದಲು ಹೇಳಿದರೆ ಹೇಳಲಿ. ಚೆಂದ ಹೇಳಿದರೆ ಇನ್ನೂ ಒಳ್ಳೆಯದು. ಅದು ಮುಗಿದ ಮೇಲೆ ನೀನು ನಿನ್ನದನ್ನು ಹೇಳು. ನೀನು ಹೊಟ್ಟೆಯೊಳಗೆ ಇರುವಾಗಲೇ ದೇವರು ನಿನ್ನನ್ನು ಹೆಸರು ಹಿಡಿದು ಕರೆದದ್ದು. ಅವನು ಕಾಯುವುದು ನಿನ್ನ ಉತ್ತರಕ್ಕೆ, ಅದರದ್ದಕ್ಕಲ್ಲ. ಎಷ್ಟು ತಡವಾದರೂ ಅವನು ಎದ್ದು ಹೋಗುವುದಿಲ್ಲ.

“ಅಷ್ಟು ಹೇಳ್ಲಿಕ್ಕೆ ಪಪ್ಪನಿಗೆ ಇಗರ್ಜಿಯಿಂದ ಮನೆವರೆಗೆ ಬೇಕಾಯ್ತು, ಆಂಟಿ. ನಾನು ಒಂದು ಶಬ್ದವೂ ಎತ್ತಿಕೊಡ್ಲಿಲ್ಲ” ಎಂದಳು.

ಒಂದೇ ದಿನದಲ್ಲಿ ಎಲ್ಲ ಸರಿಯಾಯಿತು ಎಂದರೆ ಸುಳ್ಳಾಗುತ್ತದೆ. ವೈದ್ಯರಲ್ಲಿಗೆ ಹೋಗಿ ಬರುವುದು ನಡೆದೇ ಇತ್ತು. ಈಗ ಅವಳು ಅಲ್ಲಿ ಬಾಯಿ ತೆರೆಯತೊಡಗಿದಳು. ಮುಂದಿನ ವರ್ಷ ಕಾಲೇಜಿಗೆ ಮರಳಿದಳು. ಮೌಖಿಕ ಪರೀಕ್ಷೆಯ ದಿನ ಪೊರ್ಬುಗಳು ಹೊರಗೆ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂತಿದ್ದರಂತೆ. ಒಳಗೆ ಪ್ರತಿ ಪ್ರಶ್ನೆಗೂ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳಂತೆ, ಬೇರೆ ಯಾರದೋ ಮಾತು ಮುಗಿಯಲಿ ಎಂದು ಕಾಯುವವಳ ಹಾಗೆ. ಆಮೇಲೆ ಉತ್ತರ. ಅವಳು ಯೋಚಿಸಿ ಮಾತಾಡುತ್ತಾಳೆ ಎಂದು ಪರೀಕ್ಷಕರು ಮೆಚ್ಚಿದರಂತೆ. ಈಗ ಕಾರ್ಕಳದ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುತ್ತಾಳೆ. ಬೆಳಿಗ್ಗೆ ಇಡೀ ಶಾಲೆಯ ಎದುರು ನಿಂತು ಪ್ರಾರ್ಥನೆ ಹೇಳಿಸುವುದೂ ಅವಳೇ. ಅವಳ ತರಗತಿಯ ಬಾಗಿಲ ಹತ್ತಿರ ನಿಂತರೆ ಟೀಚರ್ ಮಾತಾಡುವ ಮೊದಲೇ ಮಾತು ಕೇಳಿದ ಹಾಗೆ ಆಗುತ್ತದೆ ಎಂದು ಆಯಾ ಒಬ್ಬಳು ಹೇಳಿದ್ದಳಂತೆ. ಲೆನಿಟಾ ಇದನ್ನು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ.

ಪೊರ್ಬುಗಳೂ ಬದಲಾದರು, ಉಗ್ಗು ಬದಲಾಗಲಿಲ್ಲ. ಅಂಗಡಿಗೆ ಹೋಗಿ ಕೊತ್ತಂಬರಿಯೇ ಬೇಕೆಂದು ಪಟ್ಟು ಹಿಡಿದು ನಿಲ್ಲುತ್ತಿದ್ದರು, ಹಿಂದೆ ಸಾಲು ಬೆಳೆದರೂ. ಕನ್ನಡ ಪೂಜೆಯ ಪಾಠ ಅವರದೇ ಆಯಿತು. ಪೂಜೆ ತಡವಾಗುತ್ತದೆ ಎಂದು ಗೊಣಗಿದವರಿದ್ದರು; ಪಾದ್ರಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮೊಗ್ಗು ಬಿಡಿಸುತ್ತಿದ್ದವರು ಗಿಡಗಳ ನಡುವೆ ಕುಸಿದರು. ಮೆದುಳಿಗೆ ರಕ್ತ ಹೋಗುವುದು ತಡೆದಿತ್ತು. ಬಲಭಾಗ ಬಿದ್ದುಹೋಯಿತು, ಮಾತು ಪೂರ್ತಿ ನಿಂತಿತು. ಮಣಿಪಾಲದ ಆಸ್ಪತ್ರೆಯಲ್ಲಿ ಇದ್ದಾಗ ಒಂದು ಮಧ್ಯಾಹ್ನ ನೋಡಲು ಹೋದೆ. ಹೊರಗೆ ಮಳೆಯ ಕತ್ತಲೆ. ಬಾಯಮ್ಮ ತಲೆಯ ಹತ್ತಿರ, ಲೆನಿಟಾ ಸ್ಟೂಲಿನಲ್ಲಿ ಎಡಗೈ ಹಿಡಿದು ಕೂತಿದ್ದಳು. ಪಕ್ಕದ ಹಾಸಿಗೆಗೆ ಪರದೆ ಎಳೆದಿತ್ತು.

ಅವರು ಕಣ್ಣು ತೆರೆದರು. ತುಟಿ ಒಂದಿಷ್ಟು ನಡುಗಿತು. ಏನೋ ಹೇಳಬೇಕು.

“ಎಂತ? ನೋವಾ? ಫಾದರನ್ನು ಕರೀಬೇಕಾ? ಮನೆಗೆ ಹೋಗ್ಬೇಕಾ?” ಬಾಯಮ್ಮ ಒಂದರ ಮೇಲೊಂದು ಕೇಳತೊಡಗಿದರು.

“ಇರಿ ಮಮ್ಮಿ” ಎಂದಳು ಲೆನಿಟಾ. “ಅವರೇ ಹೇಳ್ತಾರೆ.”

ಆಗ ಪರದೆಯ ಆಚೆಯಿಂದ ಕೇಳಿತು. ಗಂಡು ಸ್ವರ. ತುಂಬಿದ, ಎಲ್ಲೂ ತಡೆಯದ, ಇಗರ್ಜಿಯಲ್ಲಿ ಪ್ರಸಂಗ ಮಾಡುವವರಿಗಿರುವಂಥ ಸ್ವರ.

“ಭಿಯೆನಾಕಾ, ಪುತಾ.”

ಕೊಂಕಣಿಯಲ್ಲಿ, ಹೆದರಬೇಡ ಮಗಾ ಎಂದು ಅರ್ಥ. ಬಾಯಮ್ಮ ಬಾಯಿಗೆ ಸೆರಗು ಒತ್ತಿ, “ಹೇಳಿದ್ರು, ಟೀಚರೇ, ಕೇಳಿದ್ರಾ, ಹೇಳಿದ್ರು” ಎಂದು ಅಳತೊಡಗಿದರು. ನಾನು ಪೊರ್ಬುಗಳ ತುಟಿಯನ್ನೇ ನೋಡುತ್ತಿದ್ದೆ, ಆ ಮಾತಿಗೆ ಅದು ಅಲುಗಿರಲಿಲ್ಲ. ಎದ್ದು ಪರದೆ ಸರಿಸಿದೆ. ಹಾಸಿಗೆ ಖಾಲಿ. ಮಡಿಚಿದ ಹೊದಿಕೆ, ಅದರ ಮೇಲೆ ದಿಂಬು.

ಲೆನಿಟಾ ತಿರುಗಿ ನೋಡಲಿಲ್ಲ. ಅವಳಿಗೂ ಕೇಳಿತ್ತು, ಕುತ್ತಿಗೆ ಬಿಗಿದದ್ದು ನನಗೆ ಕಂಡಿತು. ಆದರೆ ಅವಳ ಕಣ್ಣು ಅಪ್ಪನ ಬಾಯಿಯ ಮೇಲಿಂದ ಕದಲಲಿಲ್ಲ. ಕಾದಳು. ಹ್ಞೂಂ ಎಂದೂ ಅನ್ನಲಿಲ್ಲ, ಹೇಳಿ ಎಂದೂ ಅನ್ನಲಿಲ್ಲ.

ಮಳೆ ಜೋರಾಗಿ, ಮತ್ತೆ ಇಳಿಯಿತು. ಪೊರ್ಬುಗಳ ತುಟಿ ಒಂದು ಬದಿಗೆ ಎಳೆಯಿತು. ಗಂಟಲು ಏರಿ ಇಳಿಯಿತು.

“ಉ...” ಎಂದರು.

ಅವಳು ಇನ್ನೂ ಹತ್ತಿರ ಬಾಗಿದಳು.

“ಉ... ಉದಾಕ್.”

ನೀರು. ಅಷ್ಟೇ.

ಸ್ವಲ್ಪ ಸ್ವಲ್ಪ ಕೊಡಬಹುದು ಎಂದು ನರ್ಸ್ ಹೇಳಿ ಹೋಗಿದ್ದಳು. ಲೆನಿಟಾ ಅವರ ತಲೆ ಎತ್ತಿ, ಚಮಚವನ್ನು ತುಟಿಗೆ ಹಿಡಿದಳು. ಬಹಳ ಬಾಯಾರಿತ್ತು ಅವರಿಗೆ. ನಿಧಾನವಾಗಿ ಇಡೀ ಚಮಚ ಕುಡಿದು, ಇನ್ನೊಂದಕ್ಕೆ ಬಾಯಿ ತೆರೆದರು.